ಹೊಗೆಯನ್ನು ಹುಗಿಯುವವರು ಯಾರು?

ಒಂದು ವ್ಯವಸ್ಥೆ ತನ್ನ ಹೊಲಸನ್ನು ಏನು ಮಾಡುತ್ತದೆ ಎಂದು ನೋಡಿದರೆ ಸಾಕು, ಅದರ ಜಾತಿ ತಿಳಿಯುತ್ತದೆ. ನಮ್ಮ ಊರುಗಳು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಇಷ್ಟೇ: ಹೊಲಸು ಮಾಡುವವರು ಒಬ್ಬರು, ಹೊರುವವರು ಇನ್ನೊಬ್ಬರು, ಸುರಿಯುವ ಜಾಗ ಹೊರುವವರ ಕೇರಿಯ ಪಕ್ಕ. ಈಗ ಇಡೀ ಭೂಮಿಯ ಹೊಲಸಿನ ಪ್ರಶ್ನೆ ಎದುರಿಗೆ ಬಂದಿದೆ. ಕಲ್ಲಿದ್ದಲು, ಎಣ್ಣೆ ಸುಟ್ಟು ಆಕಾಶಕ್ಕೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಕಾಯಿಸುತ್ತಿದೆ. ಇದಕ್ಕೆ ಸರ್ಕಾರಗಳೂ ಕಂಪನಿಗಳೂ ಹೇಳುತ್ತಿರುವ ಮದ್ದುಗಳಲ್ಲಿ ಒಂದು, ಆ ಗ್ಯಾಸನ್ನು ಚಿಮಣಿಯಲ್ಲೇ ಹಿಡಿದು ನೆಲದೊಳಗೆ ಹುಗಿದುಬಿಡುವುದು. ಇದಕ್ಕೆ 'ಇಂಗಾಲದ ಸೆರೆ ಮತ್ತು ಸಂಗ್ರಹ' ಎಂದು ಹೆಸರು.

ವಿಮರ್ಶೆ ಎಂದರೆ ಕವಿತೆ, ಕಾದಂಬರಿಯನ್ನಷ್ಟೇ ಓದುವುದಲ್ಲ. ಸರ್ಕಾರದ ವರದಿ, ಬಜೆಟ್ ಭಾಷಣ, ಕಂಪನಿಯ ಪ್ರಕಟಣೆ ಇವೂ ಬರಹಗಳೇ. ಬಡವರ ಹಣೆಬರಹ ಬರೆಯುವ ಬರಹಗಳು. ಆದ್ದರಿಂದ ಈ ಹೆಸರಿನಲ್ಲಿರುವ ಎರಡು ಶಬ್ದಗಳನ್ನು ಹಿಡಿದು ಓದೋಣ.

ಮೊದಲ ಶಬ್ದ 'ಸೆರೆ'. ಸೆರೆ ಹಿಡಿಯುವುದು ಕಳ್ಳನನ್ನು, ಅಪರಾಧಿಯನ್ನು. ಇಲ್ಲಿ ಸೆರೆಗೆ ಹೋಗುತ್ತಿರುವುದು ಹೊಗೆ. ಬೆಂಕಿ ಹಚ್ಚಿದವನು ಹೊರಗೇ ಇದ್ದಾನೆ. ಹೊಗೆಗೆ ಜೈಲು, ಚಿಮಣಿಗೆ ಜಾಮೀನು!

ಕೆಲಸ ನಡೆಯುವುದು ಹೀಗೆ. ಹೊಗೆಯನ್ನು ಅಮೈನ್ ಎಂಬ ರಾಸಾಯನಿಕದ ದ್ರಾವಣದಲ್ಲಿ ಹಾಯಿಸುತ್ತಾರೆ. ಅದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಆಮೇಲೆ ಆ ದ್ರಾವಣವನ್ನು ಕಾಯಿಸಿ, ಗ್ಯಾಸನ್ನು ಬಿಡಿಸಿಕೊಂಡು, ಒತ್ತಿ ಹಿಂಡಿ, ಪೈಪಿನಲ್ಲಿ ಸಾಗಿಸಿ, 800 ಮೀಟರಿಗಿಂತ ಆಳದಲ್ಲಿರುವ ರಂಧ್ರದ ಕಲ್ಲುಗಳಿಗೆ ಇಳಿಸುತ್ತಾರೆ. ಕಾಯಿಸಲಿಕ್ಕೂ ಒತ್ತಲಿಕ್ಕೂ ಮತ್ತೆ ಇಂಧನ ಬೇಕು. ಅದೂ ಕಲ್ಲಿದ್ದಲಿನದೇ ಆದರೆ, ಹೊಗೆ ಹಿಡಿಯಲು ಇನ್ನಷ್ಟು ಹೊಗೆ.

ಇದು ಬರೀ ಸುಳ್ಳು ವಿದ್ಯೆ ಎಂದು ನಾನು ಹೇಳುವುದಿಲ್ಲ. ನಾರ್ವೆಯವರು 1996ರಿಂದ ಸ್ಲೈಪ್ನರ್ ಎಂಬಲ್ಲಿ ಸಮುದ್ರತಳದ ಕೆಳಗೆ ವರ್ಷಕ್ಕೆ ಹತ್ತಿರಹತ್ತಿರ 10 ಲಕ್ಷ ಟನ್ ಇಳಿಸುತ್ತ ಬಂದರು. ಆದರೆ ಅಳತೆ ನೋಡಿ. ಇಡೀ ಲೋಕದ ಇಂಥ ಯಂತ್ರಗಳೆಲ್ಲ ಸೇರಿ ವರ್ಷಕ್ಕೆ ಹಿಡಿಯಬಲ್ಲದ್ದು ಸುಮಾರು 5 ಕೋಟಿ ಟನ್. ಇಂಧನ ಸುಟ್ಟು ಬಿಡುತ್ತಿರುವುದು 3,700 ಕೋಟಿ ಟನ್ನಿಗೂ ಹೆಚ್ಚು. ಹಿಡಿದದ್ದರಲ್ಲೂ ಬಹುಪಾಲನ್ನು ಹಳೆಯ ಎಣ್ಣೆ ಬಾವಿಗಳಿಗೆ ತಳ್ಳಿ, ತಳದಲ್ಲಿ ಉಳಿದ ಎಣ್ಣೆಯನ್ನು ಮೇಲೆತ್ತುತ್ತಾರೆ. ಆ ಎಣ್ಣೆಯನ್ನು ಮತ್ತೆ ಸುಡುತ್ತಾರೆ.

ನಮ್ಮ ಹೊಳೆಯ ಆಚೆ ದಂಡೆಗೇ ಬರೋಣ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು. ಅಲ್ಲಿ ವರ್ಷಕ್ಕೆ 1 ಲಕ್ಷ ಟನ್‌ವರೆಗೆ ಇಂಗಾಲದ ಡೈಆಕ್ಸೈಡ್ ಹಿಡಿಯಲು ಆದೀತೇ ಎಂದು ಅಧ್ಯಯನ ಮಾಡುವ ಒಪ್ಪಂದಕ್ಕೆ 2024ರಲ್ಲಿ ಜೆಎಸ್‌ಡಬ್ಲ್ಯೂ, ಬಿಎಚ್‌ಪಿ, ಕಾರ್ಬನ್ ಕ್ಲೀನ್ ಕಂಪನಿಗಳು ಸಹಿ ಹಾಕಿದವು. ಕೇಳಲಿಕ್ಕೆ ದೊಡ್ಡ ಅಂಕಿ. ಕುಲುಮೆಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಎರಡು ಟನ್ನಿಗೆ ಕಡಿಮೆಯಿಲ್ಲದಂತೆ ಈ ಗ್ಯಾಸು ಹೊರಡುತ್ತದೆ. ಆ ಕಾರ್ಖಾನೆ ವರ್ಷಕ್ಕೆ ಮಾಡುವ ಉಕ್ಕು ಕೋಟಿ ಟನ್ ದಾಟಿದೆ. ಬರೀ 120 ಲಕ್ಷ ಟನ್ ಎಂದು ಹಿಡಿದರೂ ಗ್ಯಾಸು 240 ಲಕ್ಷ ಟನ್. ಅದರಲ್ಲಿ ಒಂದು ಲಕ್ಷ ಅಂದರೆ ರೂಪಾಯಿಗೆ ಅರ್ಧ ಪೈಸೆಯೂ ಅಲ್ಲ. ಈ ಲೆಕ್ಕವನ್ನು ಹಳ್ಳಿಯ ಶಾಲೆಯ ಏಳನೇ ಇಯತ್ತೆಯ ಹುಡುಗಿ ಬೋರ್ಡಿನ ಮೇಲೆ ಮಾಡಿ ತೋರಿಸಬಲ್ಲಳು. ಮೇಷ್ಟ್ರುಗಳು ಮಾಡಿಸಬೇಕು.

ಎರಡನೆಯ ಶಬ್ದ 'ಸಂಗ್ರಹ'. ನಮ್ಮ ಕಡೆಯ ಜನಕ್ಕೆ ನೆಲದೊಳಗೆ ಸಂಗ್ರಹ ಮಾಡುವುದು ಹೊಸದಲ್ಲ. ಜೋಳ ತುಂಬಿಡುವ ಹಗೇವು ನಮ್ಮ ಹಿರಿಯರ ವಿದ್ಯೆ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಕಾಳು ಉಸಿರಾಡಿ ಬಿಟ್ಟು, ಭಾರಕ್ಕೆ ತಳದಲ್ಲಿ ಕೂತ ಆ ಗಾಳಿ ಬೇರೇನೂ ಅಲ್ಲ, ಇದೇ ಇಂಗಾಲದ ಡೈಆಕ್ಸೈಡ್. ಹಗೇವಿನ ಒಡೆಯ ಒಬ್ಬ, ಒಳಗೆ ಇಳಿಯುವ ಆಳು ಇನ್ನೊಬ್ಬ. ಇದನ್ನು ನಮ್ಮ ಜನಕ್ಕೆ ಪುಸ್ತಕ ಓದಿ ಹೇಳಬೇಕಾಗಿಲ್ಲ.

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಸತಾರ್ಶಿಯಾ ಎಂಬ ಹಳ್ಳಿ ಇದೆ. ಕರಿಯರೇ ಹೆಚ್ಚಾಗಿರುವ ಯಾಜೂ ಕೌಂಟಿಯ ಹಳ್ಳಿ. 2020ರ ಫೆಬ್ರವರಿ 22ರ ಸಂಜೆ ಅಲ್ಲಿಗೆ ಹತ್ತಿರದಲ್ಲಿ ಈ ಗ್ಯಾಸು ಸಾಗಿಸುವ ಪೈಪು ಒಡೆಯಿತು. ಗ್ಯಾಸು ಮಂಜಿನಂತೆ ತಗ್ಗಿಗೆ ಹರಿಯಿತು. ಉಸಿರಿಗೂ ಗಾಳಿ ಸಾಲದು, ಇಂಜಿನ್ನಿಗೂ ಸಾಲದು. ಓಡಿಹೋಗಲು ಹತ್ತಿದ ಕಾರುಗಳೇ ದಾರಿಯಲ್ಲಿ ನಿಂತವು. 40ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಇನ್ನೂರರಷ್ಟು ಜನ ಮನೆ ಬಿಟ್ಟರು. ಅದು ಎಣ್ಣೆ ಬಾವಿಗೆ ಹೋಗುವ ಪೈಪಾಗಿತ್ತು. ನಾಳೆ ಹುಗಿಯುವ ಜಾಗಕ್ಕೆ ಹೋಗುವ ಪೈಪಿನಲ್ಲೂ ಇರುವುದು ಅದೇ ಗ್ಯಾಸು. ಪೈಪು ಯಾರ ಮನೆ ಮುಂದೆ ಹಾಯುತ್ತದೆ ಎಂಬುದು ಅಲ್ಲಿ ಬಣ್ಣದ ಪ್ರಶ್ನೆ, ಇಲ್ಲಿ ಜಾತಿಯ ಪ್ರಶ್ನೆ.

ಹುಗಿಯುವುದಾದರೆ ಎಲ್ಲಿ? ನಮ್ಮ ಹನುಮನಹಳ್ಳಿಯ ಸುತ್ತ ನಿಂತಿರುವುದು 250 ಕೋಟಿ ವರ್ಷದ ಗ್ರಾನೈಟ್ ಬಂಡೆ. ಅದರಲ್ಲಿ ಗ್ಯಾಸು ತುಂಬುವಂಥ ರಂಧ್ರವಿಲ್ಲ. ಹಾಗಾದರೆ ಇಲ್ಲಿಯ ಹೊಗೆ ಬೇರೆಯವರ ನೆಲದಡಿಗೆ ಹೋಗಬೇಕು. ಐಸ್‌ಲ್ಯಾಂಡಿನಲ್ಲಿ ಗ್ಯಾಸನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಎಂಬ ಕಪ್ಪು ಕಲ್ಲಿನೊಳಗೆ ಬಿಟ್ಟಾಗ ಬಹುಪಾಲು ಎರಡು ವರ್ಷದೊಳಗೆ ಕಲ್ಲಾಯಿತೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂಥದೇ ಕಲ್ಲು ದಖ್ಖನ್ನಿನಲ್ಲಿದೆ ಎಂದು ನಮ್ಮವರೂ ಲೆಕ್ಕ ಹಾಕುತ್ತಿದ್ದಾರೆ. ಆ ಕಲ್ಲು ವಿಜಯಪುರ, ಕಲಬುರಗಿ, ಬೀದರಿನವರೆಗೆ ಹಬ್ಬಿದೆ. ಕಲ್ಲಿನ ಮೇಲೆ ಎರಿ ಹೊಲ ಇದೆ, ಹೊಲದಲ್ಲಿ ಕೂಲಿಯವರಿದ್ದಾರೆ. ಲೆಕ್ಕ ಹಾಕುವವರು ಕಲ್ಲನ್ನು ಅಳೆಯುತ್ತಾರೆ. ಕಲ್ಲಿನ ಮೇಲಿನ ಮನುಷ್ಯನನ್ನು ಕೇಳುವವರು ಯಾರು?

2022ರಲ್ಲಿ ನೀತಿ ಆಯೋಗ ಒಂದು ವರದಿ ಹೊರಡಿಸಿತು. 2050ರ ಹೊತ್ತಿಗೆ ದೇಶ ವರ್ಷಕ್ಕೆ 75 ಕೋಟಿ ಟನ್ ಹಿಡಿಯಬಹುದು, ಅದರಿಂದ 80 ಲಕ್ಷದಿಂದ 1 ಕೋಟಿ ಉದ್ಯೋಗ ಹುಟ್ಟಬಹುದು ಎಂದಿತು. 2026ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ ಐದು ವರ್ಷಕ್ಕೆ 20,000 ಕೋಟಿ ರೂಪಾಯಿ ಘೋಷಣೆಯಾಯಿತು. ಜನರ ದುಡ್ಡು, ಕಂಪನಿಯ ಚಿಮಣಿ. ಇನ್ನು ಉದ್ಯೋಗ: ಕಂಟ್ರೋಲ್ ರೂಮಿನಲ್ಲಿ ಕೂರುವವರು ಯಾರು, ಪೈಪು ಸೋರಿದರೆ ಇಳಿಯುವವರು ಯಾರು? ಮಲಗುಂಡಿಗೆ ಮನುಷ್ಯರನ್ನು ಇಳಿಸುವುದು ಅಪರಾಧವೆಂದು 2013ರಲ್ಲಿ ಕಾನೂನು ಬಂದಮೇಲೂ ಗುಂಡಿಯಲ್ಲಿ ಸಾಯುತ್ತಿರುವವರ ಜಾತಿ ನಮಗೆ ಗೊತ್ತಿದೆ. ಜಾತಿಯು ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಮಾಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದರು. ಹೊಸ ಯಂತ್ರ ಬಂದಮಾತ್ರಕ್ಕೆ ಆ ಏಣಿ ಮುರಿಯುವುದಿಲ್ಲ.

ಇನ್ನೊಂದು ಮೋಸವಿದೆ. ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳ, ಕುಣಿಕೇರಿಯ ಜನ ಗೋಳಾಡುತ್ತಿರುವುದು ಕರಿ ಬೂದಿಗೆ. ಮಾಳಿಗೆ ಮೇಲೆ ಬೂದಿ, ಬೆಳೆ ಮೇಲೆ ಬೂದಿ, ಕೆಮ್ಮಿದರೆ ಕರಿ. "ಹೊಗಿ ಹಿಡಿತಾರಂತ, ಮತ್ತ ಈ ಬೂದಿ ಯಾರ ಹಿಡಿಬೇಕ್ರಿ?" ಎಂದು ಅಲ್ಲಿಯ ಯಾವ ತಾಯಿಯೂ ಕೇಳಬಹುದು. ಇಂಗಾಲ ಹಿಡಿಯುವ ಯಂತ್ರ ಹಿಡಿಯುವುದು ಕಣ್ಣಿಗೆ ಕಾಣದ ಗ್ಯಾಸನ್ನು. ಸ್ಪಂಜ್ ಕಬ್ಬಿಣದ ಕಾರ್ಖಾನೆಯ ಧೂಳು ಹಿಡಿಯುವ ಯಂತ್ರ ಬೇರೆ, ಅದು ಹಳೆಯದು, ಅಗ್ಗದ್ದು. ಅದನ್ನೇ ಹಗಲೂ ರಾತ್ರಿ ನಡೆಸುವಂತೆ ಮಾಡಲಾಗದವರು ನೆಲದ ತಳಕ್ಕೆ ಹುಗಿದದ್ದನ್ನು ನೂರಾರು ವರ್ಷ ಕಾಯುತ್ತೇವೆ ಎಂದರೆ ನಂಬುವುದು ಹೇಗೆ?

ಕೊಪ್ಪಳದ ಜನ ನಂಬಲಿಲ್ಲ. ಊರಿಗೆ ಅಂಟಿಕೊಂಡೇ 54,000 ಕೋಟಿ ರೂಪಾಯಿಯ, ವರ್ಷಕ್ಕೆ 105 ಲಕ್ಷ ಟನ್ನಿನ ಬಲ್ಡೋಟ ಉಕ್ಕಿನ ಕಾರ್ಖಾನೆ ಬರುತ್ತದೆಂದಾಗ, 2025ರ ಫೆಬ್ರವರಿ 24ರಂದು ಊರೇ ಬಂದ್ ಆಯಿತು. ಗವಿಮಠದ ಸ್ವಾಮಿಗಳೂ ಬೀದಿಗೆ ಬಂದರು. ಮಾರ್ಚಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೆಲಸ ನಿಲ್ಲಿಸಲು ಸೂಚಿಸಿದರು. ಆ ಜನ ಕೇಳಿದ್ದು ಹೊಗೆಗೆ ಒಳ್ಳೆಯ ಗೋರಿಯನ್ನಲ್ಲ. ಬೆಂಕಿಯೇ ಇಲ್ಲಿ ಬೇಡ ಎಂದರು.

ಇಲ್ಲಿ ನಮ್ಮ ಚಳವಳಿಯ ಒಂದು ಪಾಠ ನೆನೆಯಬೇಕು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಬುಟ್ಟಿಗೆ ಮುಚ್ಚಳ ಮಾಡಿಸಿ ಎನ್ನಲಿಲ್ಲ, ತಗಡಿನ ಬುಟ್ಟಿ ಕೊಡಿ ಎನ್ನಲಿಲ್ಲ. ಹೊರುವುದೇ ನಿಲ್ಲಲಿ ಎಂದರು. ಉಕ್ಕು, ವಿದ್ಯುತ್ ಕಂಪನಿಗಳ ಇಂಗಾಲದ ಸೆರೆ ಬುಟ್ಟಿಯ ಮುಚ್ಚಳ. ವಾಸನೆ ಮುಚ್ಚುತ್ತದೆ, ಹೊರುವುದು ತಪ್ಪುವುದಿಲ್ಲ, ಹೊಲಸು ಮಾಡುವವನ ನಿದ್ದೆಯೂ ಕೆಡುವುದಿಲ್ಲ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಸೇಡಂ, ವಾಡಿ ಕಡೆಯ ಸಿಮೆಂಟಿನ ಕತೆ ಬೇರೆ. ಅಲ್ಲಿ ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಸುಣ್ಣದಕಲ್ಲಿನಿಂದಲೇ. ಕಲ್ಲಿದ್ದಲು ಬಿಟ್ಟರೂ ಅದು ನಿಲ್ಲುವುದಿಲ್ಲ. ಅಂಥ ಕಡೆ ಹಿಡಿಯುವ ವಿದ್ಯೆ ಬೇಕಾದೀತು. ಬೆಂಗಳೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ 2022ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಯಾಗಿದೆ. ವಿಜ್ಞಾನಿಗಳ ದುಡಿಮೆಯನ್ನು ಹಳಿಯುವುದು ನಮ್ಮ ಕೆಲಸವಲ್ಲ. ಆದರೆ ಕಡೆಗೆ ಉಳಿಯುವ ಒಂದಿಷ್ಟಕ್ಕೆ ಬೇಕಾದ ಮದ್ದನ್ನು ತೋರಿಸಿ, ಇವತ್ತಿನ ಅಷ್ಟೂ ಹೊಗೆಗೆ ಪರವಾನಗಿ ಕೇಳುವುದನ್ನು ಒಪ್ಪಲಾಗದು.

ಹನುಮನ ಹೆಸರಿನ ಊರುಗಳಲ್ಲಿ ಸಂಜೀವಿನಿ ಬೆಟ್ಟದ ಕತೆ ಎಲ್ಲರಿಗೂ ಬಾಯಿಪಾಠ. ಯುದ್ಧ ಅರಸರದು, ಬೆಟ್ಟ ಹೊತ್ತವನು ಸೇವಕ. ಹೊತ್ತವನನ್ನು ಗುಡಿಯಲ್ಲಿಟ್ಟು ಪೂಜಿಸುವುದು ಸುಲಭ. ಭಾರವನ್ನು ಹಂಚಿಕೊಳ್ಳುವುದು ಕಷ್ಟ. ಗಂಗಾವತಿಯ ಗದ್ದೆಗಳಲ್ಲಿ ಬೆನ್ನು ಬಗ್ಗಿಸಿ ನಾಟಿ ಹಚ್ಚುವ ಹೆಣ್ಣುಮಕ್ಕಳು ಆಕಾಶಕ್ಕೆ ಬಿಟ್ಟ ಹೊಗೆ ಒಲೆಯದಷ್ಟೇ. ಕಾದ ಭೂಮಿಯ ಬಿಸಿಲು ಮಾತ್ರ ಮೊದಲು ಬೀಳುವುದು ಅವರ ಬೆನ್ನಿಗೆ.

ಗೆಳೆಯರೆ, ದೊಡ್ಡ ಕಾರ್ಖಾನೆ ಬರುವ ಮುಂಚೆ ಸಾರ್ವಜನಿಕ ಅಹವಾಲು ಸಭೆ ಆಗಬೇಕೆಂದು 2006ರ ಪರಿಸರ ಅಧಿಸೂಚನೆ ಹೇಳುತ್ತದೆ. ಆ ಸಭೆಗಳಲ್ಲಿ ಇನ್ನು ಮುಂದೆ ಈ ಮಾತೂ ಕೇಳಿಬರಲಿದೆ: "ಹೊಗೆ ಇರುವುದಿಲ್ಲ, ಹಿಡಿಯುತ್ತೇವೆ." ಆಗ ಎದ್ದು ನಿಂತು ಕೇಳಿ. ಎಷ್ಟು ಬಿಡುತ್ತೀರಿ, ಎಷ್ಟು ಹಿಡಿಯುತ್ತೀರಿ? ಎಲ್ಲಿ ಹುಗಿಯುತ್ತೀರಿ, ಆ ನೆಲದ ಜನ ಒಪ್ಪಿದ್ದಾರೆಯೇ? ಪೈಪು ಯಾವ ಕೇರಿ ಹಾಯುತ್ತದೆ? ಸೋರಿದರೆ ಇಳಿಯುವವರು ಯಾರು? ಕಂಪನಿ ಮುಚ್ಚಿಹೋದ ಮೇಲೆ ಕಾಯುವವರು ಯಾರು? ಉತ್ತರವನ್ನು ಕನ್ನಡದಲ್ಲಿ, ಬರವಣಿಗೆಯಲ್ಲಿ ಕೇಳಿ. ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳಬೇಡಿ.