ಪ್ರಸಾದ ಮತ್ತು ಶಬ್ದ: ಕನ್ನಡ ಕ್ರೈಸ್ತ ಆರಾಧನೆಯಲ್ಲಿ ಇಂದ್ರಿಯಗಳ ನೆಲೆ

ಕ್ರೈಸ್ತ ಆರಾಧನೆಯನ್ನು ಕುರಿತ ಚರ್ಚೆಗಳಲ್ಲಿ ಒಂದು ವಿಭಜನೆಯನ್ನು ಸಿದ್ಧಸತ್ಯವೆಂಬಂತೆ ಒಪ್ಪಿಕೊಳ್ಳುವ ವಾಡಿಕೆಯಿದೆ. ಧೂಪ, ದೀಪ, ಪ್ರತಿಮೆಗಳಿಂದ ಕೂಡಿದ ಕಥೋಲಿಕ ಪೂಜೆ ಇಂದ್ರಿಯಪ್ರಧಾನ. ಬೋಧನೆ ಹಾಗೂ ಗಾಯನಗಳನ್ನು ನೆಚ್ಚಿದ ಪ್ರಾಟೆಸ್ಟೆಂಟ್ ಆರಾಧನೆ ವಾಕ್ಯಪ್ರಧಾನ ಎಂಬುದೇ ಆ ವಿಭಜನೆ. ಕನ್ನಡದ ಸಾಮಗ್ರಿಯನ್ನು ಮುಂದಿಟ್ಟುಕೊಂಡು ನೋಡಿದಾಗ ಇದು ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಭೋಸಲೆ ಅರಸರ ಕಾಲದ ಹಳೆಯ ಪೇಟೆಯಾದ ನಾಗಪುರದ ಮಹಾಲ್‌ನಲ್ಲಿದ್ದು ಈ ಪ್ರಶ್ನೆಯನ್ನು ಪರಿಶೀಲಿಸುವಾಗ, 1845ರಲ್ಲಿ ಈ ನಗರಕ್ಕೆ ಬಂದ ಸ್ಟೀಫನ್ ಹಿಸ್ಲಾಪರನ್ನು ನೆನೆಯುವುದು ಸಹಜ. ಅವರು ಸೇರಿದ್ದ ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಆರಾಧನೆಯಲ್ಲಿ ಧೂಪದೀಪಗಳಿಗೆ ಎಡೆಯಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ನಿಲುವೂ ಬಹುಮಟ್ಟಿಗೆ ಇದೇ. ಆದರೆ ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿಗೆ ಇಳಿಸಿದರು. ಗದ್ಯದಲ್ಲಿ ಹೇಳಬಹುದಾಗಿದ್ದುದನ್ನು ಪದ್ಯಕ್ಕೆ ತರುವುದೆಂದರೆ ಅರ್ಥದೊಡನೆ ಕಿವಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಂತೆ. ವಾಕ್ಯವನ್ನೇ ನಂಬಿದವರೂ ಕನ್ನಡಕ್ಕೆ ಬಂದೊಡನೆ ಇಂದ್ರಿಯದ ಬಾಗಿಲನ್ನು ತಟ್ಟಬೇಕಾಯಿತು.

ಈ ಸಂಗತಿಯನ್ನು ವಿವರಿಸಲು ಶರಣರ ಷಟ್ಸ್ಥಲ ಚಿಂತನೆ ನೆರವಾಗುತ್ತದೆ. ಅಲ್ಲಿ ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂಬ ಸಂಬಂಧವನ್ನು ಕಲ್ಪಿಸಲಾಗಿದೆ. ಗಂಧ, ರುಚಿ, ರೂಪ, ಸ್ಪರ್ಶ, ಶಬ್ದ, ತೃಪ್ತಿಗಳು ಕ್ರಮವಾಗಿ ಅರ್ಪಣೆಯ ದ್ರವ್ಯಗಳು. ಇಲ್ಲಿ ಎರಡು ಅಂಶಗಳು ಗಮನಾರ್ಹ. ಶಬ್ದವು ಇಂದ್ರಿಯಗಳಿಗೆ ಎದುರಾಗಿ ನಿಂತಿಲ್ಲ. ಅವುಗಳ ಸಾಲಿನಲ್ಲಿಯೇ ಇದೆ. ಎರಡನೆಯದಾಗಿ, ಪ್ರಸಾದವೆಂಬ ಮಾತು ನಾಲಗೆಗೆ ಸಲ್ಲದೆ ಕಿವಿಗೆ ಸಂದಿದೆ. ಕೇಳುವುದೂ ಒಂದು ಬಗೆಯ ಉಣ್ಣುವಿಕೆಯೆಂಬ ಈ ಗ್ರಹಿಕೆಯ ಮುಂದೆ ವಾಕ್ಯ–ಇಂದ್ರಿಯಗಳ ವಿಭಜನೆ ಕರಗುತ್ತದೆ.

ಕನ್ನಡ ಕ್ರೈಸ್ತರ ಪರಿಭಾಷೆಯೂ ಇದಕ್ಕೆ ಪೂರಕವಾಗಿದೆ. ಕಥೋಲಿಕರು ತಮ್ಮ ಮುಖ್ಯ ಆಚರಣೆಯನ್ನು ‘ಬಲಿಪೂಜೆ’ಯೆಂದೂ ಅಲ್ಲಿ ಸ್ವೀಕರಿಸುವ ರೊಟ್ಟಿಯನ್ನು ‘ಪರಮಪ್ರಸಾದ’ವೆಂದೂ ಕರೆಯುತ್ತಾರೆ, ದೈವಕೃಪೆಗೆ ‘ವರಪ್ರಸಾದ’ವೆನ್ನುತ್ತಾರೆ. ಪ್ರಾಟೆಸ್ಟೆಂಟರಲ್ಲಿ ‘ಕರ್ತನ ಭೋಜನ’ವೆಂಬ ಮಾತಿದೆ. ಒಂದು ಹೆಸರಿನಲ್ಲಿ ದೇಗುಲದ ನೆನಪು, ಇನ್ನೊಂದರಲ್ಲಿ ಪಂಕ್ತಿಯ ನೆನಪು. ಎರಡರಲ್ಲಿಯೂ ಉಣ್ಣುವ ದೇಹವಿದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಈ ವಿಷಯ ಬುದ್ಧಿಪೂರ್ವಕವಾದ ಯೋಜನೆಯಾಯಿತು. ಡಿ. ಎಸ್. ಅಮಲೋರ್ಪವದಾಸರ ನೇತೃತ್ವದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ಆರಾಧನೆಯ ದೇಶೀಕರಣಕ್ಕೆ ಪ್ರಯೋಗಶಾಲೆಯಂತಾಯಿತು. 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಮೊದಲಾದವು ಸೇರಿದ್ದವು. ಇದರ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆರತಿಯ ತಟ್ಟೆ ಯಾರ ನೆನಪಿನ ವಸ್ತು? ದೇಗುಲದ ಹೊಸ್ತಿಲಾಚೆ ನಿಲ್ಲಿಸಲ್ಪಟ್ಟ ಸಮುದಾಯಗಳಿಂದ ಬಂದ ಕ್ರೈಸ್ತನಿಗೆ ಅದು ಆಪ್ತವಾಗಬಹುದು, ಹಳೆಯ ಗಾಯವನ್ನು ಕೆದಕಲೂಬಹುದು. 1980ರ ದಶಕದಲ್ಲಿ ಅರವಿಂದ ಪಿ. ನಿರ್ಮಲ್ ಮೊದಲಾದವರು ರೂಪಿಸಿದ ದಲಿತ ದೇವಶಾಸ್ತ್ರವು ಭಾರತೀಯ ಕ್ರೈಸ್ತ ಚಿಂತನೆಯ ವೈದಿಕ ಒಲವನ್ನು ಪ್ರಶ್ನಿಸಿದ್ದು ಈ ಕಾರಣದಿಂದಲೇ. ‘ಭಾರತೀಯ’ ಎಂಬ ವಿಶೇಷಣವೊಂದೇ ಸಂಕೇತಕ್ಕೆ ಜೀವ ಕೊಡಲಾರದು.

ಇದಕ್ಕೆ ಹೋಲಿಸಬೇಕಾದುದು ಮಂಗಳೂರಿನ ಕೊಂಕಣಿ ಕಥೋಲಿಕರ ಮೊಂತಿ ಹಬ್ಬ. ಸೆಪ್ಟೆಂಬರ್ 8ರಂದು ಮರಿಯಮ್ಮನ ಜನ್ಮದಿನಕ್ಕೆ ಮಕ್ಕಳು ಹೂವು ಅರ್ಪಿಸುತ್ತಾರೆ. ಹೊಸ ಭತ್ತದ ತೆನೆಗಳನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ಆ ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಇಲ್ಲಿ ಗಂಧ, ಸ್ಪರ್ಶ, ರುಚಿಗಳು ಬಿತ್ತನೆ ಕೊಯ್ಲುಗಳ ಅನುಭವದಿಂದ ಒದಗಿದವು. ಅವಕ್ಕೆ ಯಾವ ಸಮಿತಿಯ ವ್ಯಾಖ್ಯಾನವೂ ಬೇಕಾಗಿಲ್ಲ.

ಆದುದರಿಂದ ಆರಾಧನೆಯಲ್ಲಿ ಇಂದ್ರಿಯಸಂಕೇತಗಳು ಇರಬೇಕೆ ಬೇಡವೆ ಎಂಬುದು ನಿಜವಾದ ಪ್ರಶ್ನೆಯಲ್ಲ. ಹಾಡು ಕೇಳುವ ಕಿವಿ ಇರುವವರೆಗೆ ಅವು ಇದ್ದೇ ಇರುತ್ತವೆ. ಆ ಸಂಕೇತವನ್ನು ಯಾರ ದುಡಿಮೆ, ಯಾರ ಭಾಷೆ ರೂಪಿಸಿದೆ, ಅದು ಯಾರನ್ನು ಪಂಕ್ತಿಗೆ ಕರೆಯುತ್ತದೆ ಎಂಬುದೇ ಪ್ರಶ್ನೆ. ಅರ್ಪಿಸದೆ ಪ್ರಸಾದವಿಲ್ಲ, ಹಂಚದೆ ಅದು ಪೂರ್ಣವಾಗುವುದಿಲ್ಲ. ಹೊರನಾಡಿನ ಸಂಶೋಧಕರು ತಮ್ಮ ಸುತ್ತಲಿನ ಸಭೆಗಳ ಆರಾಧನೆಯನ್ನು ಈ ಅಳತೆಯಿಂದ ಪರಿಶೀಲಿಸುವುದಾದರೆ, ಮಧ್ಯಕಾಲೀನ ಕನ್ನಡ ಚಿಂತನೆ ಇಂದಿನ ಅಧ್ಯಯನಕ್ಕೂ ಒದಗುವ ಶಾಸ್ತ್ರವೆಂಬುದು ಮನವರಿಕೆಯಾದೀತು.