'ಒತ್ತೆದಾರ' ಯಾರು?

1872ರ ಭಾರತೀಯ ಕರಾರು ಅಧಿನಿಯಮದ 172ನೆಯ ಪ್ರಕರಣವು ಸರಕನ್ನು ಒತ್ತೆಯಿಟ್ಟವನನ್ನು 'ಪಾನರ್' ಎಂದೂ ಪಡೆದವನನ್ನು 'ಪಾನೀ' ಎಂದೂ ಬೇರ್ಪಡಿಸುತ್ತದೆ. ಕನ್ನಡದ 'ದಾರ', 'ಗಾರ' ಪ್ರತ್ಯಯಗಳಿಗೆ ಈ ಶಕ್ತಿಯಿಲ್ಲ. 'ಸಾಲಗಾರ'ನೆಂದರೆ ಸಾಲ ಮಾಡಿದವನು. ಆದರೆ 'ಸಾಲಗಾರರ ಕಾಟ' ಕೊಟ್ಟವರದೇ! ಹೀಗಿರುವಾಗ 'ಒತ್ತೆದಾರ', 'ಅಡವುದಾರ' ಎಂಬ ರೂಪಗಳನ್ನು ವಿವರಣೆಯಿಲ್ಲದೆ ಬಳಸುವುದನ್ನು ನಾವು ಒಪ್ಪಲಾರೆವು.

ವಿಶಾಖಪಟ್ಟಣ, ವಿಜಯವಾಡಗಳ ವ್ಯವಹಾರದ ತೆಲುಗು ಇಲ್ಲಿ ದಾರಿ ತೋರುತ್ತದೆ. ಅಲ್ಲಿ 'ತಾಕಟ್ಟು ಪೆಟ್ಟು' ಎಂದರೆ ಒತ್ತೆಯಿಡುವುದು. 'ತಾಕಟ್ಟು ಪೆಟ್ಟುಕೊನಿ ಅಪ್ಪು ಇಚ್ಚು' ಎಂದರೆ ಒತ್ತೆಯಿಟ್ಟುಕೊಂಡು ಸಾಲ ಕೊಡುವುದು. ಕನ್ನಡದಲ್ಲಿಯೂ ಭೇದವನ್ನು ಹೊರುವುದು ಈ 'ಕೊಳ್ಳು' ಧಾತುವೇ.

ಸಾಲ ತೀರದಾಗ ಯುಕ್ತ ನೋಟೀಸು ಕೊಟ್ಟು ಒಡವೆಯನ್ನು ಮಾರುವ ಹಕ್ಕು 176ನೆಯ ಪ್ರಕರಣದಂತೆ ಪಡೆದವನದು. ಮಾರಾಟವಾಗುವವರೆಗೂ ಬಿಡಿಸಿಕೊಳ್ಳುವ ಹಕ್ಕು 177ರಂತೆ ಇಟ್ಟವನದು. ಒಂದೇ ಪದ ಇಬ್ಬರಿಗೂ ಸಲ್ಲುವಂತಿದ್ದರೆ ಕರಾರುಪತ್ರ ಓದುವ ಬಡವನಿಗೆ ತನ್ನ ಹಕ್ಕು ಯಾವುದೆಂದು ತಿಳಿಯದು. 'ಒತ್ತೆಯಿಟ್ಟುಕೊಂಡವನು' ಉದ್ದವಾಯಿತೆಂಬ ಆಕ್ಷೇಪಣೆ ಬರಬಹುದು, ಬರಲಿ.