ತಂದೆಯ ಶ್ರದ್ಧೆ, ಮಗನ ಸಾಕ್ಷ್ಯ

ವಿಕ್ಟೋರಿಯಾ ಯುಗದ ಧರ್ಮಜಿಜ್ಞಾಸೆಯನ್ನು ಬೋಧಿಸುವಾಗ ಅಧ್ಯಾಪಕರು ಕೈಗೆತ್ತಿಕೊಳ್ಳುವ ಗ್ರಂಥಗಳಲ್ಲಿ ಎಡ್ಮಂಡ್ ಗಾಸನ 'ಫಾದರ್ ಅಂಡ್ ಸನ್' ಒಂದು. ೧೯೦೭ರಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾದ ಈ ಆತ್ಮವೃತ್ತವನ್ನು ವಿಜ್ಞಾನಕ್ಕೂ ಧರ್ಮಕ್ಕೂ ನಡೆದ ಕಲಹದ ಕಥೆಯೆಂದು ಓದುವುದು ರೂಢಿಯಾಗಿದೆ. ಅದಕ್ಕೆ ಕಾರಣವಿಲ್ಲದಿಲ್ಲ. ತಂದೆ ಫಿಲಿಪ್ ಹೆನ್ರಿ ಗಾಸ್ ಕಡಲತೀರದ ಜೀವಿಗಳ ಶೋಧದಿಂದ ಹೆಸರಾದ ಪ್ರಾಣಿಶಾಸ್ತ್ರಜ್ಞ. ೧೮೫೭ರಲ್ಲಿ ಆತನು ಪ್ರಕಟಿಸಿದ 'ಆಂಫಲಸ್', ಎಂದರೆ 'ಹೊಕ್ಕುಳು', ಎಂಬ ಗ್ರಂಥವು, ಜಗತ್ತು ಸೃಷ್ಟಿಯಾದ ಕ್ಷಣದಲ್ಲಿಯೇ ತಾನು ಕಾಣದಿದ್ದ ಗತಕಾಲದ ಗುರುತುಗಳನ್ನು ಹೊತ್ತಿತ್ತೆಂದು ವಾದಿಸಿ, ವಿಜ್ಞಾನಿಗಳಿಗೂ ಧರ್ಮನಿಷ್ಠರಿಗೂ ರುಚಿಸದೆ ಹೋಯಿತು. ಆದರೆ ಈ ಪ್ರಸಂಗವನ್ನೇ ಆತ್ಮವೃತ್ತದ ತಿರುಳೆಂದು ಭಾವಿಸುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಗಾಸ್ ದಂಪತಿಗಳು ಪ್ಲಿಮತ್ ಬ್ರದರನ್ ಪಂಥದವರು. ಅವರ ಸಭೆಯಲ್ಲಿ ಶಿಶುವಿಗೆ ದೀಕ್ಷಾಸ್ನಾನವಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಪವನ್ನು ತಾನೇ ಅರಿತು ಕ್ರಿಸ್ತನನ್ನು ಸ್ವೀಕರಿಸಬೇಕು. ಆ ಬಳಿಕವೇ ನೀರಿನಲ್ಲಿ ಮುಳುಗುವ ದೀಕ್ಷೆ, ರೊಟ್ಟಿ ಮುರಿಯುವ ಸಂಸ್ಕಾರದಲ್ಲಿ ಪಾಲು. ಆಂಗ್ಲಿಕನ್ ತಂದೆಯಾದರೋ ತನ್ನ ಕೂಸಿಗೆ ದೀಕ್ಷೆ ಕೊಡಿಸಿ, ಕಾಲಕ್ರಮದಲ್ಲಿ ಶ್ರದ್ಧೆ ಬಲಿಯಲೆಂದು ಕಾಯಬಹುದಿತ್ತು. ಗಾಸನಿಗೆ ಆ ನೆಮ್ಮದಿ ಇರಲಿಲ್ಲ. ಶ್ರದ್ಧೆಯು ಪಿತ್ರಾರ್ಜಿತವಾಗಿ ಬಾರದೆಂಬುದು ಆತನ ಮತ. ಅದೇ ಮತವನ್ನು ಮಗನಿಗೆ ತಪ್ಪದೆ ದಾಟಿಸಬೇಕೆಂಬುದು ಆತನ ಹಂಬಲ. ೧೮೫೭ರ ಫೆಬ್ರವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಪತ್ನಿ ಎಮಿಲಿ ಮಗುವನ್ನು ದೇವರಿಗೆ ಮೀಸಲಿರಿಸಿ ಹೋಗಿದ್ದಳು. ಕ್ರಿಸ್ತನ ಪುನರಾಗಮನವು ಇಂದೋ ನಾಳೆಯೋ ಎಂದು ನಂಬಿದವನಿಗೆ ಕಾಯುವಷ್ಟು ಕಾಲವೆಲ್ಲಿ?

ಹೀಗಾಗಿ ೧೮೫೯ರ ಅಕ್ಟೋಬರಿನಲ್ಲಿ, ಹತ್ತು ವರ್ಷ ತುಂಬಿ ತಿಂಗಳು ಕಳೆಯುವ ಮೊದಲೇ, ಬಾಲಕನು ಹಿರಿಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಯಸ್ಕರಂತೆ ದೀಕ್ಷೆ ಪಡೆದನು. ಅವನ ಉತ್ತರಗಳು ಹಿರಿಯರಿಗೆ ಮೆಚ್ಚಿಕೆಯಾದವು. ಅವು ತಂದೆಯಿಂದ ಕಲಿತ ಉತ್ತರಗಳು. ಬಳಿಕ ಈ ಪುಟ್ಟ ಸಂತನು, ದೀಕ್ಷೆಯಿಲ್ಲದ ಹುಡುಗರತ್ತ ಆರಾಧನೆಯ ನಡುವೆಯೇ ನಾಲಗೆ ಚಾಚಿ ಅಣಕಿಸಿದನಂತೆ. ಇದನ್ನು ಅವನೇ ಬರೆದಿದ್ದಾನೆ. ಎಷ್ಟೋ ಧರ್ಮೇತಿಹಾಸಗಳಲ್ಲಿ ನಮಗೆ ದೊರೆಯದ ಸಾಕ್ಷ್ಯವಿದು.

ಹಾಗಾದರೆ ಏನೂ ದಾಟಲಿಲ್ಲವೆ? ಇನ್ನೂ ಚಿಕ್ಕವನಿದ್ದಾಗ, ವಿಗ್ರಹಕ್ಕೆ ನಮಿಸಿದರೆ ದೇವರು ಕೋಪ ತೋರುವನೆಂದು ತಂದೆಯಿಂದ ಕೇಳಿದ ಬಾಲಕನು, ಕುರ್ಚಿಯೊಂದನ್ನು ಮೇಜಿನ ಮೇಲಿರಿಸಿ ಅದನ್ನು ಪ್ರಾರ್ಥಿಸಿ ಕಾದು ನೋಡಿದನು. ಏನೂ ಆಗಲಿಲ್ಲ. ವಿಮರ್ಶಕರು ಇದನ್ನು ಬಂಡಾಯದ ಮೊದಲ ಮೊಳಕೆಯೆಂದು ಎಣಿಸುವುದುಂಟು. ನಮಗೆ ಇದರಲ್ಲಿ ತಂದೆಯೇ ಕಾಣುತ್ತಾನೆ: ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕುಳಿತು, ಕಂಡದ್ದನ್ನಷ್ಟೇ ಬರೆದಿಡುತ್ತಿದ್ದ ಆ ಪ್ರಾಣಿಶಾಸ್ತ್ರಜ್ಞ.

ಆದರೂ ಇತಿಹಾಸದ ವಿದ್ಯಾರ್ಥಿಯು ಒಂದು ಮಾತನ್ನು ಮರೆಯಬಾರದು. ಇಲ್ಲಿರುವುದು ಒಬ್ಬನ ಸಾಕ್ಷ್ಯ. ಅದೂ ಅರ್ಧಶತಮಾನದಷ್ಟು ಹಿಂದಿನ ನೆನಪು. ತಂದೆ ತೀರಿಕೊಂಡದ್ದು ೧೮೮೮ರಲ್ಲಿ. ೧೮೯೦ರಲ್ಲಿ ಇದೇ ಮಗನು ಬರೆದ ಜೀವನಚರಿತ್ರೆಯ ಧಾಟಿಯೇ ಬೇರೆ, ಅಲ್ಲಿ ಗೌರವವೇ ಪ್ರಧಾನ. ಆನ್ ಥ್ವೇಟರು ೨೦೦೨ರಲ್ಲಿ ಪ್ರಕಟಿಸಿದ ಫಿಲಿಪ್ ಗಾಸನ ಚರಿತ್ರೆಯು, ಆತನು ಮಗ ಚಿತ್ರಿಸಿರುವುದಕ್ಕಿಂತ ಸೌಮ್ಯನಾಗಿದ್ದನೆಂದು ತೋರಿಸಿದೆ. ಕ್ರಿಸ್‌ಮಸ್ ಕಡುಬನ್ನು ವಿಗ್ರಹಾರಾಧನೆಯ ಎಂಜಲೆಂದು ತಂದೆಯು ಬೂದಿಗುಡ್ಡೆಗೆ ಎಸೆದನೆಂಬ ಕಥೆ ಎಲ್ಲರ ಬಾಯಲ್ಲಿದೆ. ಅದಕ್ಕೆ ಮಗನ ಮಾತೇ ಆಧಾರ. ಮುನ್ನುಡಿಯಲ್ಲಿ ಎಲ್ಲವೂ ನಿಜವೆಂದು ಲೇಖಕನು ಒತ್ತಿ ಹೇಳಿರುವುದು ನಮ್ಮ ಸಂಶಯವನ್ನು ಕಡಿಮೆ ಮಾಡುವುದಿಲ್ಲ.

ಗ್ರಂಥದ ಕೊನೆಯಲ್ಲಿ ತಂದೆಯ ದೀರ್ಘ ಪತ್ರವೊಂದು ಮುದ್ರಿತವಾಗಿದೆ. ಲಂಡನ್ನಿಗೆ ಹೋಗಿ ಶ್ರದ್ಧೆಯಿಂದ ದೂರವಾಗುತ್ತಿದ್ದ ಮಗನಿಗೆ ಬರೆದದ್ದು. ಉಪದೇಶವೆಂದು ನಮ್ಮ ವಿದ್ಯಾರ್ಥಿಗಳು ಅದನ್ನು ದಾಟಿಬಿಡುತ್ತಾರೆ. ಆದರೆ ತಂದೆಯು ತನ್ನ ಮಾತಿನಲ್ಲೇ, ತನ್ನ ನೋವಿನಲ್ಲೇ ಇಷ್ಟು ದೀರ್ಘವಾಗಿ ನಮ್ಮೆದುರು ನಿಲ್ಲುವುದು ಅಲ್ಲಿಯೇ. ಈ ಗ್ರಂಥವನ್ನು ಪಾಠ ಹೇಳುವವರು ೧೮೯೦ರ ಚರಿತ್ರೆಯನ್ನು ಜೊತೆಗಿರಿಸಿಕೊಂಡು ಆ ಪತ್ರದಿಂದ ಆರಂಭಿಸುವುದು ಲೇಸು.